ಓಟಿಪಿ ಹೇಳಿ ಮೇಡಂ

ಸೀರೆ ಉಟ್ಟು ಮೊದಲ ಸಲ ಹೊರಗೆ ಹೊರಟಾಗ ನಾನು ಎಲ್ಲಕ್ಕೂ ತಯಾರಾಗಿದ್ದೆ, ಓಟಿಪಿ ಒಂದನ್ನು ಬಿಟ್ಟು.

ತಯಾರಿಗೆ ಮೂರು ಗಂಟೆ ಹಿಡಿದಿತ್ತು. ಗಡ್ಡ ಎರಡು ಸಲ ಹೆರೆದು, ಅದರ ನೀಲಿ ನೆರಳು ಕಾಣದ ಹಾಗೆ ಮೊದಲು ಕಿತ್ತಳೆ ಬಣ್ಣದ ಲಿಪ್‌ಸ್ಟಿಕ್ ತೆಳ್ಳಗೆ ಸವರಿ, ಅದರ ಮೇಲೆ ಫೌಂಡೇಶನ್. ಬಳೆ ಏರಬೇಕಾದರೆ ಕೈಗೆ ಪ್ಲಾಸ್ಟಿಕ್ ತೊಟ್ಟೆ ಸುತ್ತಿಕೊಳ್ಳಬೇಕು, ಇಲ್ಲದಿದ್ದರೆ ಗೆಣ್ಣಿನ ಹತ್ತಿರ ಸಿಕ್ಕಿಹಾಕಿಕೊಂಡು ಒಡೆಯುತ್ತವೆ. ಇಳಕಲ್ ಸೀರೆಯ ನೆರಿಗೆ ಹಿಡಿದು ಪಿನ್ನು ಹಾಕಿಕೊಟ್ಟದ್ದು ಹೆಂಡತಿ. ಅವಳಿಗೆ ಮದುವೆಗೆ ಮೊದಲೇ ಹೇಳಿದ್ದೆ. ಆ ಕಥೆ ದೊಡ್ಡದು, ಇಲ್ಲಿ ಬೇಡ.

ಆಟೊ ಬಂತು, ಹತ್ತಿ ಕೂತೆ. ಚಾಲಕ ಫೋನು ನೋಡುತ್ತಲೇ, "ಓಟಿಪಿ ಹೇಳಿ ಮೇಡಂ" ಅಂದ. ಮೇಡಂ ಅಂದನಲ್ಲ ಎಂದು ಖುಷಿಪಡುವಷ್ಟರಲ್ಲಿ ನನ್ನ ಬಾಯಿಂದ "ಏಳು, ಎರಡು, ಒಂಬತ್ತು, ಎರಡು" ಅನ್ನುವುದು ಬಯಲಾಟದ ಭೀಮನ ಹಾಗೆ ಉದುರಿತು. ಅವನು ಆಗ ಕನ್ನಡಿಯಲ್ಲಿ ನೋಡಿದ. ಇಪ್ಪತ್ತು ನಿಮಿಷದ ದಾರಿಯಲ್ಲಿ ಎಷ್ಟು ಸಲ ನೋಡಿದನೋ ಲೆಕ್ಕ ಇಟ್ಟಿಲ್ಲ. ಇಳಿದು ದುಡ್ಡು ಕೊಟ್ಟಾಗ "ಆಯ್ತು ಸರ್" ಅಂದ. ಅದರಲ್ಲಿ ಕುಹಕ ಇರಲಿಲ್ಲ. ಬರೆಯುವಾಗ ಆದ ತಪ್ಪೊಂದನ್ನು ತಿದ್ದಿದ ಹಾಗಿತ್ತು, ಅಷ್ಟೇ. ಆ ಮರ್ಯಾದೆಯೇ ಹೆಚ್ಚು ಚುಚ್ಚಿತು.

ನಾನು ಹೆಣ್ಣಲ್ಲ, ಹೆಣ್ಣಾಗಬೇಕೆಂಬ ಆಸೆಯೂ ಇಲ್ಲ. ವಾರದ ಐದು ದಿನ ಪ್ಯಾಂಟು ಶರ್ಟು ಹಾಕಿ ಆಫೀಸಿಗೆ ಹೋಗುವ, ನಲವತ್ತು ದಾಟಿದ, ಪುತ್ತೂರು ಕಡೆಯ ಗಂಡಸು. ತಿಂಗಳಿಗೊಂದೆರಡು ಸಂಜೆ ಸೀರೆ ಉಡುತ್ತೇನೆ. ಉಟ್ಟಾಗ ಎದೆಯೊಳಗಿನ ಒಂದು ಬಿಗಿ ಸಡಿಲವಾಗುತ್ತದೆ. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಂದಿಲ್ಲ. ಕ್ರಾಸ್‌ಡ್ರೆಸ್ಸರ್ ಅಂತಾರೆ, ನಮ್ಮೊಳಗೆ ಚಿಕ್ಕದಾಗಿ 'ಸಿಡಿ'. ಬೆಂಗಳೂರಿನಲ್ಲಿ ನಾವು ಏಳೆಂಟು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಬೋಂಡ ತಿನ್ನುತ್ತೇವೆ, ಬ್ಲೌಸ್ ಹೊಲಿಯುವವರ ಬಗ್ಗೆ ದೂರುತ್ತೇವೆ. ಹೊರಗಿನವರು ಏನೇನೋ ಊಹಿಸಿಕೊಂಡಿರುತ್ತಾರೆ. ಬಂದು ನೋಡಿದರೆ ನಿರಾಸೆಯಾದೀತು.

ಆ ಸಂಜೆ ನನ್ನ ಓಟಿಪಿ ಕಥೆ ಕೇಳಿ ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಜಗಳ ಶುರುವಾಯಿತು. ಒಬ್ಬರ ವಾದ: ಇಷ್ಟೆಲ್ಲ ಮಾಡಿ ದನಿಯನ್ನು ಮಾತ್ರ ಹಾಗೇ ಉಳಿಸಿಕೊಂಡರೆ, ಮದುವೆಮನೆಯಲ್ಲಿ ರೇಷ್ಮೆ ಪಂಚೆ ಉಟ್ಟು ಬೂಟು ಹಾಕಿ ನಿಂತ ಹಾಗೆ. ಇನ್ನೊಬ್ಬರದು: ಗಂಡಸಿನ ದನಿಯಲ್ಲಿ ಮಾತಾಡುವ ಸೀರೆ ಉಟ್ಟವಳು ಯಾಕೆ ಇರಬಾರದು? ಹೆಣ್ಣು ಅಂತ ಪಾಸ್ ಆಗಲೇಬೇಕು ಅನ್ನೋಕೆ ಇದೇನು ಎಸ್ಸೆಸ್ಸೆಲ್ಸಿನಾ? ಗುಂಪಿನ ಹಿರಿಯಕ್ಕ ಮಾತ್ರ (ಅರವತ್ತು ದಾಟಿದವರು, ನಿವೃತ್ತ ಮೇಷ್ಟ್ರು) ಇಬ್ಬರ ಕಡೆಗೂ ವಾಲದೆ, "ನಾನು ಹೊರಗೆ ಹೋದರೆ ಬಾಯೇ ಬಿಡಲ್ಲಮ್ಮ. ಸುಮ್ಮನೆ ತಲೆ ಆಡಿಸ್ತೀನಿ. ಮೂವತ್ತು ವರ್ಷ ಕ್ಲಾಸಲ್ಲಿ ಮಾತಾಡಿದ್ದು ಸಾಕು" ಅಂದರು.

ನಮ್ಮಲ್ಲಿ ಒಬ್ಬಳು ಟ್ರಾನ್ಸ್ ಹೆಣ್ಣುಮಗಳು. ಮೊದಲು ನಮ್ಮ ಹಾಗೆ ಬರುತ್ತಿದ್ದವಳು, ಈಗ ದಿನದ ಇಪ್ಪತ್ನಾಲ್ಕು ಗಂಟೆಯೂ ಅವಳೇ. ಅವಳು ಜಗಳಕ್ಕೆ ಸೇರಲಿಲ್ಲ. ತನ್ನ ಬ್ಯಾಂಕಿಗೆ ಫೋನು ಮಾಡಿದಾಗ ಆಚೆ ಕಡೆಯವನು ಹೆಸರು ಕೇಳಿ, ದನಿ ಕೇಳಿ, "ಖಾತೆದಾರರಿಗೇ ಕೊಡಿ ಸರ್" ಎಂದು ಮೂರು ಸಲ ಕಾಲ್ ಕತ್ತರಿಸಿದ್ದನ್ನು ಹೇಳಿದಳು. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಅವಳ ಲಿಂಗ ಯಾವುದೆಂದು ಹೇಳುವ ಹಕ್ಕನ್ನು ಅವಳಿಗೇ ಕೊಟ್ಟಿತು. ಫೋನಿನ ಆಚೆ ಕೂತ ಹುಡುಗನಿಗೆ ಮಾತ್ರ ದನಿಯೇ ಆಧಾರ್ ಕಾರ್ಡು. ಅವಳಿಗೆ ದನಿ ಬದುಕಿನ ಪ್ರಶ್ನೆ. ನಮ್ಮದು ಸಂಜೆಯ ಪ್ರಶ್ನೆ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮಾತಾಡಬಾರದು ಅನ್ನುವುದು ಅವತ್ತೇ ಗೊತ್ತಾಯಿತು.

ಆದರೂ ನನಗೆ ಹಟ ಹಿಡಿಯಿತು.

ಮೊದಲ ಎರಡು ತಿಂಗಳು ನಾನೇ ಗುರು, ನಾನೇ ಶಿಷ್ಯ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಎತ್ತರದ ದನಿಯಲ್ಲಿ ಮಾತಾಡುವುದು. ಸಂಗೀತದವರು ಕಳ್ಳದನಿ ಅನ್ನುತ್ತಾರಲ್ಲ, ಅದು. ಎಷ್ಟು ಸರಿಯಾದ ಹೆಸರು! ಆ ದನಿಯಲ್ಲಿ "ಕಾಫಿ ಆಯ್ತಾ?" ಎಂದರೂ ಏನನ್ನೋ ಕದ್ದವನ ಹಾಗೆ ಕೇಳಿಸುತ್ತಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ, ಕಾಲೇಜು ಡೇ ನಾಟಕದಲ್ಲಿ ಹುಡುಗಿಯರನ್ನು ಗೇಲಿ ಮಾಡುವ ಹುಡುಗ. ಅದು ನನಗೆ ಅಸಹ್ಯವಾಯಿತು. ನಾನು ಸೀರೆ ಉಡುವುದು ಯಾರನ್ನೂ ಅಣಕಿಸುವುದಕ್ಕಲ್ಲ. ಮೇಲಾಗಿ ಗಂಟಲು ಕೆರೆದು ಕೆರೆದು, ಸೋಮವಾರ ಆಫೀಸಿನ ಮೀಟಿಂಗಿನಲ್ಲಿ ದನಿಯೇ ಹೊರಡಲಿಲ್ಲ. ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದ ಹೆಂಡತಿ, "ಎಂತ ಅವಸ್ಥೆ ಮಾರಾಯ್ರೆ ಇದು? ಬೆಕ್ಕಿನ ಬಾಲಕ್ಕೆ ಬಾಗಿಲು ಸಿಕ್ಕಿದ ಹಾಗೆ ಕೇಳ್ತದೆ. ಡಾಕ್ಟ್ರ ಹತ್ರ ಹೋಗಿ ಒಮ್ಮೆ" ಅಂದಳು.

ಗಂಟಲಿನ ಡಾಕ್ಟರು ಧ್ವನಿತಂತು ಸ್ವಲ್ಪ ಊದಿದೆ, ಬೇರೇನಿಲ್ಲ, ಒಂದು ವಾರ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳಿ ಒಬ್ಬರು ಸ್ಪೀಚ್ ಥೆರಪಿಸ್ಟ್ ಕಡೆಗೆ ಕಳಿಸಿದರು. ಆಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಮೊದಲ ದಿನ ಕಾಯುತ್ತಾ ಕೂತಾಗ ಪಕ್ಕದಲ್ಲಿ ಹತ್ತೊಂಬತ್ತು ಇಪ್ಪತ್ತರ ಒಬ್ಬ ಹುಡುಗ, ಜೊತೆಗೆ ಅಪ್ಪ. ಹುಡುಗನಿಗೆ ಮೀಸೆ ಬಂದಿದೆ, ದನಿ ಒಡೆದಿಲ್ಲ. "ಸಾರ್, ಫೋನಲ್ಲಿ ಎಲ್ರೂ ಮೇಡಂ ಅಂತಾರೆ ಇವನಿಗೆ. ನಾಳೆ ಹೆಣ್ಣು ಕೊಡೋರು ಯಾರು?" ಎಂದು ಅಪ್ಪ ನನ್ನಲ್ಲಿ ದುಃಖ ತೋಡಿಕೊಂಡರು. ನಾನು ಪಾಪ ಎಂದು ತಲೆಯಾಡಿಸಿದೆ. ಯಾವ ಮೇಡಂ ಅವನಿಗೆ ಬೇಡವಾಗಿತ್ತೋ ಅದೇ ಮೇಡಂ ಬೇಕೆಂದು ಒಂದು ಸೆಷನ್ನಿಗೆ ಎಂಟುನೂರು ರೂಪಾಯಿ ಕೊಡಲು ನಾನು ಕೂತಿದ್ದೆ. ಅದಲು ಬದಲು ಮಾಡಿಕೊಳ್ಳುವ ಹಾಗಿದ್ದರೆ ಇಬ್ಬರಿಗೂ ಖರ್ಚು ಉಳಿಯುತ್ತಿತ್ತು.

ಥೆರಪಿಸ್ಟ್‌ಗೆ ನಿಜ ಹೇಳಬೇಕೋ ಬೇಡವೋ ಎಂದು ರಾತ್ರಿಯೆಲ್ಲ ಯೋಚಿಸಿದ್ದೆ. ನಾಟಕಕ್ಕೆ ಬೇಕು ಅನ್ನೋಣ ಎಂದು ತೀರ್ಮಾನಿಸಿ ಹೋಗಿದ್ದೆ. ಆಕೆ "ಯಾವ ನಾಟಕ?" ಎಂದು ಕೇಳಿದ ಕೂಡಲೇ ಬಿದ್ದೆ. ನಿಜ ಹೇಳಿದೆ. ಆಕೆ ತಲೆ ಎತ್ತದೆ ಬರೆದುಕೊಳ್ಳುತ್ತಲೇ, "ವಾರಕ್ಕೆ ಎಷ್ಟು ಗಂಟೆ ಆ ದನಿ ಬೇಕು?" ಎಂದು ಮಾತ್ರ ಕೇಳಿದರು. ಆ ಪ್ರಶ್ನೆಯನ್ನು ನಾನು ನನಗೇ ಕೇಳಿಕೊಂಡಿರಲಿಲ್ಲ.

ಅಳತೆ ಮಾಡಿದರು. ಸಹಜವಾಗಿ ಮಾತಾಡುವಾಗ ನನ್ನದು 118 ಹರ್ಟ್ಸ್, ಅಂದರೆ ಧ್ವನಿತಂತು ಸೆಕೆಂಡಿಗೆ 118 ಸಲ ಅದುರುತ್ತದೆ. ಗಂಡಸರ ಮಾತು ಸಾಮಾನ್ಯವಾಗಿ 85ರಿಂದ 155ರ ಒಳಗೆ, ಹೆಂಗಸರದು 165ರಿಂದ 255ರ ಒಳಗೆ ಇರುತ್ತದಂತೆ. ಅಂಕಿಗಿಂತ ನನಗೆ ಅರ್ಥವಾದದ್ದು ಶ್ರುತಿಯ ಲೆಕ್ಕ. ಹಾಡುವ ಗಂಡಸರು ಸಾಮಾನ್ಯವಾಗಿ ಒಂದರ ಶ್ರುತಿ (ಹಾರ್ಮೋನಿಯಂನ ಮೊದಲ ಬಿಳಿ ಮನೆ) ಇಟ್ಟುಕೊಂಡರೆ ಹೆಂಗಸರು ಐದರದ್ದು ಇಟ್ಟುಕೊಳ್ಳುತ್ತಾರೆ, ಅಂದರೆ ಸುಮಾರು 130ಕ್ಕೆ 196. ಗಂಡಸಿನ ಪಂಚಮ ಎಲ್ಲಿದೆಯೋ ಅಲ್ಲಿ ಹೆಂಗಸಿನ ಷಡ್ಜ. ನನ್ನ ಇಡೀ ಹಟ ಸ-ಪ ನಡುವಿನ ದೂರದ್ದು ಅಂತಾಯಿತು. ಮನೆಗೆ ಬಂದು ತಂಬೂರಿ ಆ್ಯಪ್ ಹಾಕಿಕೊಂಡು ಪಂಚಮದಲ್ಲಿ ನಿಂತು ಪೇಪರ್ ಓದಿದೆ. ಮತ್ತೆ ಬೆಕ್ಕಿನ ಬಾಲ.

ಮುಂದಿನ ವಾರ ಆಕೆ ಹೇಳಿದರು: "ಎತ್ತರ ಬಿಡಿ. ಪಿಸುಗುಟ್ಟಿ ನೋಡಿ." ಪಿಸುಮಾತಿಗೆ ಶ್ರುತಿಯೇ ಇಲ್ಲ, ಬರಿಯ ಗಾಳಿ. ಆದರೂ ಬಾಗಿಲಾಚೆ ಪಿಸುಗುಟ್ಟುತ್ತಿರುವುದು ಗಂಡೋ ಹೆಣ್ಣೋ ಎಂದು ನಮಗೆ ಸಾಮಾನ್ಯವಾಗಿ ತಿಳಿಯುತ್ತದೆ. ಹೇಗೆ? ದನಿ ಹುಟ್ಟುವ ಜಾಗದಿಂದ ತುಟಿಯವರೆಗಿನ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸರಲ್ಲಿ 14ರ ಆಸುಪಾಸು. ಉದ್ದ ಕೊಳವೆಯ ಮೊಳಗು ಬೇರೆ, ಗಿಡ್ಡ ಕೊಳವೆಯದು ಬೇರೆ. ನಾನು ಇಷ್ಟು ದಿನ ಮಾಡಿದ್ದು ಮದ್ದಳೆಯನ್ನು ಬಿಗಿದು ಬಿಗಿದು ಚೆಂಡೆ ಮಾಡಲು ಹೊರಟ ಕೆಲಸ. ಎಷ್ಟು ಬಿಗಿದರೂ ಅದು ಬಿಗಿದ ಮದ್ದಳೆಯೇ. ಹದಿಹರೆಯದಲ್ಲಿ ಟೆಸ್ಟೊಸ್ಟೆರಾನ್ ಧ್ವನಿಪೆಟ್ಟಿಗೆಯನ್ನು ಬೆಳೆಸಿ ಕೆಳಗಿಳಿಸಿ, ತಂತುಗಳನ್ನು ದಪ್ಪ ಮಾಡಿ ಹೋದ ಮೇಲೆ ಅದು ತಾನಾಗಿ ಹಿಂದೆ ಬರುವುದಿಲ್ಲ. ಹೆಣ್ಣು ಹಾರ್ಮೋನು ತೆಗೆದುಕೊಂಡರೂ ದನಿ ಎತ್ತರವಾಗುವುದಿಲ್ಲ. ಆಪರೇಷನ್ ಇದೆ. ಅದು ಶ್ರುತಿ ಏರಿಸುತ್ತದೆ, ಸಾಮಾನ್ಯವಾಗಿ ಕೊಳವೆ ಗಿಡ್ಡ ಮಾಡುವುದಿಲ್ಲ. ತಿಂಗಳಿಗೆರಡು ಸಂಜೆಗಾಗಿ ಅದನ್ನು ಯಾರು ಮಾಡಿಸಿಕೊಂಡಾರು?

ಗಂಟಲ ಮುಂದಿನ ಉಬ್ಬಿನ ಮೇಲೆ ಬೆರಳಿಟ್ಟು ಎಂಜಲು ನುಂಗಿ ಅಂದರು. ಉಬ್ಬು ಮೇಲೆ ಹೋಗಿ ಕೆಳಗೆ ಬಂತು. "ಮೇಲೆ ಹೋದಾಗ ಕೊಳವೆ ಸಣ್ಣದಾಯ್ತಲ್ಲ? ಬಿಗಿ ಹಿಡಿಯದೆ ಅದರ ಹತ್ತಿರ ಇರೋದನ್ನ ಕಲೀಬೇಕು. ನಾಲಿಗೆ ಸ್ವಲ್ಪ ಮುಂದೆ, ಸ್ವಲ್ಪ ಮೇಲೆ. ದನಿ ಎದೆಯಲ್ಲಿ ಗುಂಯ್ ಅನ್ನಬಾರದು, ಹಲ್ಲಿನ ಹಿಂದೆ ಅನ್ನಬೇಕು." ಅಲ್ಲಿಂದ ದಿನಕ್ಕೆ ಹದಿನೈದು ನಿಮಿಷ. ಲೋಟದ ನೀರಿನಲ್ಲಿ ಎಳನೀರಿನ ಸ್ಟ್ರಾ ಹಾಕಿ ಊ ಎಂದು ಗುಳ್ಳೆ ಎಬ್ಬಿಸುವುದು. ಎದೆಯ ಮೇಲೆ ಅಂಗೈ ಇಟ್ಟುಕೊಂಡು ಮ್ ಎಂದು ಗುನುಗುವುದು, ಕಂಪನ ಅಂಗೈಯಿಂದ ಮೂಗಿಗೆ ಏರುವ ತನಕ. ಆಮೇಲೆ ಮಾ, ಮೀ, ಮೂ. ಆಮೇಲೆ ಮಾವಿನಮಿಡಿ, ಮೀನು, ಮೂಲಂಗಿ. ಮೂಲಂಗಿ ಅನ್ನುವಷ್ಟರಲ್ಲಿ ಪ್ರತಿ ಸಲವೂ ನಾನು ಗಂಡಸಾಗಿಬಿಡುತ್ತಿದ್ದೆ.

ಕನ್ನಡ ಒಂದು ಉಪಕಾರ ಮಾಡಿದೆ. ನಮ್ಮ ನಾನು-ಗೆ ಲಿಂಗ ಇಲ್ಲ. ಬಂದೆ, ಹೋದೆ, ತಿಂದೆ ಎಂದರೆ ಯಾರು ತಿಂದರು ಎಂದು ವ್ಯಾಕರಣ ಚಾಡಿ ಹೇಳುವುದಿಲ್ಲ. ಗುಂಪಿನ ಹಿಂದಿಯವರೊಬ್ಬರು ಪಾಪ 'ಜಾ ರಹಾ ಹೂಂ' ಎಂದು ಅಭ್ಯಾಸಬಲದಿಂದ ಗಂಡುರೂಪದಲ್ಲೇ ಅಂದು ನಾಲಿಗೆ ಕಚ್ಚಿಕೊಳ್ಳುತ್ತಾರೆ. ಆದರೆ ಕನ್ನಡದ ಗಂಡು ಹೆಣ್ಣು ಬೇರೆ ಕಡೆ ಅಡಗಿದೆ. ರೆಕಾರ್ಡ್ ಮಾಡಿ ಕೇಳಿದಾಗ ತಿಳಿಯಿತು: ನಾನು ಪ್ರತಿ ವಾಕ್ಯವನ್ನೂ ಮೊಳೆ ಹೊಡೆದ ಹಾಗೆ ಮುಗಿಸುತ್ತೇನೆ. "ಬೇಡ." "ಆಯ್ತು." "ನೋಡೋಣ." ನನ್ನ ಹೆಂಡತಿ ಅದೇ ಬೇಡವನ್ನು "ಬೇಡ ಈಗ" ಎಂದು ಕೊನೆಯಲ್ಲಿ ಸ್ವಲ್ಪ ತೂಗಿಬಿಡುತ್ತಾಳೆ. ಅದು ಹೆಣ್ಣಿನ ಗುಣವೋ, ಬೇಡ ಎಂದು ನೇರವಾಗಿ ಹೇಳಲು ಬಿಡದ ಮನೆಗಳಲ್ಲಿ ಬೆಳೆದದ್ದರ ಗುರುತೋ? ಈ ಪ್ರಶ್ನೆ ಬಂದ ಮೇಲೆ ಅಭ್ಯಾಸ ಅಷ್ಟು ಸಲೀಸಾಗಿ ಸಾಗಲಿಲ್ಲ.

ಏಳನೇ ತಿಂಗಳಲ್ಲಿ ಒಂದು ಭಾನುವಾರ, ಬೇಕರಿಗೆ ಫೋನು ಮಾಡಿ ಅರ್ಧ ಕೆಜಿ ಖಾರ, ಆರು ದಿಲ್‌ಪಸಂದ್ ತೆಗೆದಿಡಿ ಎಂದೆ. "ಆಯ್ತು ಮೇಡಂ, ಹೆಸರು ಹೇಳಿ" ಅಂದರು. ನಾನು ಲುಂಗಿ ಉಟ್ಟು, ಎರಡು ದಿನದ ಗಡ್ಡ ಬಿಟ್ಟುಕೊಂಡು ಬಾಲ್ಕನಿಯಲ್ಲಿ ನಿಂತಿದ್ದೆ. ಸರಾಸರಿ 185 ಹರ್ಟ್ಸ್, ಗಂಟಲು ನೋವಿಲ್ಲ. ಪಾಸು. ಆಮೇಲೆ ಹೋಗಿ ತಂದವನೂ ನಾನೇ. "ಮೇಡಂ ಫೋನ್ ಮಾಡಿದ್ರಲ್ಲ" ಎಂದರೆ "ಹೌದು, ಮನೆಯವ್ರು" ಎಂದೆ.

ಗುಂಪಿನಲ್ಲಿ ಚಪ್ಪಾಳೆ ಬಿತ್ತು. ಎರಡು ಸಂಜೆ ಅದೇ ದನಿಯಲ್ಲಿ ಮಾತಾಡಿದೆ. ಮೂರನೆಯ ಸಂಜೆಯ ಹೊತ್ತಿಗೆ ಸುಸ್ತು. ಆ ದನಿಗೆ ನಗಲು ಬರುತ್ತಿರಲಿಲ್ಲ. ಯಾರೋ ಒಳ್ಳೆಯ ಜೋಕು ಹೇಳಿದರೆ ಹೊಟ್ಟೆಯಿಂದ ಬರುವ ನಗು ನನ್ನ ಅಪ್ಪನದು, ಹೊ ಹೊ ಎಂದು. ಅದನ್ನು ತಡೆದು ಹಿಹಿ ಎಂದು ಸೋಸಿ ಬಿಡಬೇಕು. ಸೀನಿದರೆ ಗುಟ್ಟು ರಟ್ಟು. ಅಮ್ಮನ ಫೋನು ಬಂದು ತುಳುವಿನಲ್ಲಿ ಮಾತಾಡಿದರೆ ದನಿ ಬುಡಕ್ಕೆ ಇಳಿಯುತ್ತದೆ, ಆ ದನಿಗೆ ತುಳು ಕಲಿಸಿರಲಿಲ್ಲವಲ್ಲ. ಸೀರೆ ಉಟ್ಟಾಗ ಸಡಿಲವಾಗುತ್ತದೆ ಎಂದೆನಲ್ಲ ಆ ಬಿಗಿ, ಎದೆಯಿಂದ ಎದ್ದು ಗಂಟಲಿಗೆ ಬಂದು ಕೂತಿತ್ತು.

ಒಂದು ರಾತ್ರಿ ಸೀರೆಯಲ್ಲೇ ಅಡುಗೆಮನೆಯಲ್ಲಿ ನೀರ್‌ದೋಸೆ ಹೊಯ್ಯುತ್ತಾ ಆ ದನಿಯಲ್ಲಿ ಏನೋ ಹೇಳಿದೆ. ಹೆಂಡತಿ ಕಾಯಿ ತುರಿಯುವುದನ್ನು ನಿಲ್ಲಿಸಿ, "ಸೀರೆ ಉಟ್ಟ ನಿಮ್ಮ ಪರಿಚಯ ಉಂಟು ನನಗೆ. ಹದಿನಾಲ್ಕು ವರ್ಷದ್ದು. ಇವಳು ಯಾರು ಮಾರಾಯ್ರೆ? ಇವಳು ಮನೆಯಲ್ಲಿದ್ದರೆ ನನಗೆ ನೆಂಟರು ಬಂದ ಹಾಗೆ ಆಗ್ತದೆ" ಅಂದಳು. ಬೈದದ್ದಲ್ಲ. ನಿಜವಾಗಿ ಕೇಳಿದ್ದು. ದೋಸೆ ತಳ ಹಿಡಿಯಿತು.

ಅದೇ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಒಂದು ತಾಳಮದ್ದಳೆ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಪ್ರಸಂಗ ಭೀಷ್ಮ ವಿಜಯ. ಕೋಳ್ಯೂರು ರಾಮಚಂದ್ರ ರಾಯರಂಥ ಯಕ್ಷಗಾನದ ಸ್ತ್ರೀವೇಷದವರ ಹೆಸರು ಕೇಳುತ್ತಲೇ ಬೆಳೆದವನು ನಾನು. ಚಿಕ್ಕಂದಿನಲ್ಲಿ ಚೌಕಿಯ (ವೇಷ ಕಟ್ಟುವ ಜಾಗದ) ಹೊರಗೆ ನಿಂತು, ಗಂಡಸರು ಮುಖಕ್ಕೆ ಬಣ್ಣ ಬಳಿದು ಹೆಣ್ಣಾಗುವುದನ್ನು ಕಣ್ಣು ಮಿಟುಕಿಸದೆ ನೋಡಿದ್ದೇನೆ. ಯಾಕೆ ಅಷ್ಟು ನೋಡುತ್ತೇನೆಂದು ಆಗ ಗೊತ್ತಿರಲಿಲ್ಲ. ಆದರೆ ತಾಳಮದ್ದಳೆಯಲ್ಲಿ ಬಣ್ಣವೂ ಇಲ್ಲ, ಸೀರೆಯೂ ಇಲ್ಲ. ಅಂಬೆಯಾಗಿ ಅರ್ಥ ಹೇಳಿದವರು ಬಿಳಿ ಪಂಚೆ, ಹೆಗಲಿಗೆ ಶಾಲು, ದಪ್ಪ ಮೀಸೆ, ಬಾಯಲ್ಲಿ ಆಗಷ್ಟೇ ಉಗಿದ ಎಲೆಯಡಿಕೆಯ ಕೆಂಪು. ಸಾಲ್ವನೂ ಬೇಡವೆಂದ ಮೇಲೆ ತಿರುಗಿ ಬಂದು ಭೀಷ್ಮನೆದುರು ನಿಂತ ಅಂಬೆ. ದನಿ ಒಂದು ಕೂದಲೆಳೆಯಷ್ಟೂ ಏರಲಿಲ್ಲ. ಏರಿಸುವ ಬದಲು ಇಳಿಸಿದರು, ನಿಧಾನ ಮಾಡಿದರು. ನಾನೆಲ್ಲಿಗೆ ಹೋಗಲಿ ಎಂಬ ಅರ್ಥದ ಒಂದು ಮಾತು ಹೇಳಿ ಮೈಕಿನ ಮುಂದೆ ಸುಮ್ಮನಾದರು. ಚೆಂಡೆಯವನೂ ಕೋಲು ಎತ್ತಲಿಲ್ಲ. ನನ್ನ ಪಕ್ಕ ಕೂತಿದ್ದ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಅವರ ಕಣ್ಣೆದುರು ಇದ್ದದ್ದು ಮೀಸೆಯೇ. ಕಂಡದ್ದು ಮಾತ್ರ ಕಾಶಿಯ ರಾಜಕುಮಾರಿ. ಮುಂದೆ ಶಿಖಂಡಿಯಾಗಿ ಹುಟ್ಟುವವಳು, ಅದನ್ನೂ ಹೇಳಿಬಿಡುತ್ತೇನೆ.

ಊರಿಂದ ಬಂದವನು ಥೆರಪಿಸ್ಟ್ ಹತ್ತಿರ ಇನ್ನೆರಡು ಸಲ ಹೋದೆ. 185 ಬೇಡ, 140ರ ಹತ್ತಿರ ಸಾಕು, ಆದರೆ ಆ ಮೊಳಗು ಎದೆಯಿಂದ ಮೇಲೆ ತಂದದ್ದು ಇರಲಿ ಎಂದೆ. ಆಕೆ "ನಾನು ಮೊದಲನೇ ದಿನ ಕೇಳಿದ್ದು ಅದೇ" ಅಂದರು. ಈಗ ಸೀರೆ ಉಟ್ಟಾಗ ಸ್ವಲ್ಪ ಮೆಲ್ಲಗೆ, ಸ್ವಲ್ಪ ಮುಂದೆ ಮಾತಾಡುತ್ತೇನೆ. ನಗು ಅಪ್ಪನದೇ. ಪೂರ್ತಿ ಕಲಿತದ್ದು ದಂಡವಾಯಿತೇ ಎಂದು ಗುಂಪಿನಲ್ಲಿ ಕೇಳುತ್ತಾರೆ. ಇಲ್ಲ. ಕಲಿಯದೆ ಬೇಡ ಅಂದಿದ್ದರೆ ಅದು ಹೆದರಿಕೆಯ ಬೇಡ ಆಗಿರುತ್ತಿತ್ತು. ಹೊಸಬರು ಕೇಳಿದರೆ ನಾನು ಹೇಳುವುದಿಷ್ಟೇ: ಕಳ್ಳದನಿ ಮಾತ್ರ ಬೇಡ, ಅದು ಗಂಟಲಿಗೂ ಕೆಟ್ಟದ್ದು, ಮರ್ಯಾದೆಗೂ ಕೆಟ್ಟದ್ದು.

ಆ ಇನ್ನೊಂದು ದನಿಯನ್ನು ಬಿಸಾಡಿಲ್ಲ. ರಾತ್ರಿ ಒಂಬತ್ತರ ಮೇಲೆ, ಬೀದಿ ದೀಪ ಇಲ್ಲದ ಕಡೆ ಇಳಿಯಬೇಕಾದಾಗ, ಅಂಗಡಿ ಮುಂದೆ ನಿಂತ ಹುಡುಗರು ನೋಡುವ ರೀತಿ ಸರಿಯಿಲ್ಲದಾಗ, ಎರಡು ವಾಕ್ಯಕ್ಕೆ ಅದನ್ನು ತೆಗೆಯುತ್ತೇನೆ, ಕೊಡೆ ತೆಗೆದ ಹಾಗೆ. ಮೆಟ್ರೊಗೆ ಮಾತ್ರ ಸೀರೆಯಲ್ಲಿ ಹೋಗುವುದಿಲ್ಲ. ತಪಾಸಣೆಗೆ ಗಂಡಸರ ಸಾಲು ಬೇರೆ, ಹೆಂಗಸರದು ಬೇರೆ. ಹೆಂಗಸರ ಪರದೆಯೊಳಗೆ ಹೋಗುವುದು ನನಗೆ ಸರಿಕಾಣುವುದಿಲ್ಲ, ಗಂಡಸರ ಸಾಲಿನಲ್ಲಿ ನಿಲ್ಲುವ ಧೈರ್ಯ ಬಂದಿಲ್ಲ. ಅಲ್ಲಿ ಯಾವ ದನಿಯೂ ಪ್ರಯೋಜನಕ್ಕೆ ಬರುವುದಿಲ್ಲ.

ಕಳೆದ ತಿಂಗಳು ಗುಂಪು ಸೇರುವ ದಿನಕ್ಕೆ ಸರಿಯಾಗಿ ನನಗೆ ಜೋರು ಶೀತ. ದನಿ 90ಕ್ಕೆ ಇಳಿದು ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು. ಹೋಗುವುದೋ ಬೇಡವೋ ಅಂದುಕೊಂಡೇ ಉಟ್ಟೆ, ಆಟೊ ಬಂತು, ಹತ್ತಿದೆ. "ಓಟಿಪಿ ಅಮ್ಮಾ" ಅಂದರು ಚಾಲಕರು, ಸ್ವಲ್ಪ ವಯಸ್ಸಾದವರು. ಹೇಳಿದೆ. ಅವರು ಕನ್ನಡಿಯಲ್ಲಿ ನೋಡಿದರು. ನಾನು ಸೆರಗು ಸರಿಮಾಡಿಕೊಂಡು ಆಚೆ ಮುಖ ಮಾಡಿದೆ.

"ಗಂಟಲು ಪೂರ್ತಿ ಕಟ್ಟೋಗಿದ್ಯಲ್ಲಮ್ಮ" ಅಂದರು. "ಕಾಳುಮೆಣಸು, ಶುಂಠಿ ಕುದಿಸಿ ಬೆಲ್ಲ ಹಾಕ್ಕೊಂಡು ಕುಡೀರಿ. ನಮ್ಮನೇಲೂ ಮೂರು ದಿನದಿಂದ ಇದೇ ಪಾಡು." ದಾರಿಯುದ್ದಕ್ಕೂ ಹೆಂಡತಿಯ ಕೆಮ್ಮಿನ ಕಥೆ ಹೇಳಿದರು. ನಾನು ಬಾವಿಯೊಳಗಿಂದ ಹೂಂ, ಹೂಂ ಅನ್ನುತ್ತಾ ಹೋದೆ.